ಎಲೆಯಿಂದ ರಕ್ತದವರೆಗೆ

ಗ್ರೀನ್ ಟೀ ಎಂದೊಡನೆ ಹೆಚ್ಚಿನವರಿಗೆ ತೂಕ ಇಳಿಸುವ ಮಾತು ನೆನಪಾಗುತ್ತದೆ. ನನಗೆ ನೆನಪಾಗುವವರು ತ್ಸುಜಿಮುರಾ ಮಿಚಿಯೊ. 1888ರಲ್ಲಿ ಜಪಾನಿನ ಸೈತಾಮಾ ಪ್ರಾಂತ್ಯದಲ್ಲಿ ಹುಟ್ಟಿದವರು. ಪಾಠ ಹೇಳುವ ಕೆಲಸ ಬಿಟ್ಟು, ಸಂಶೋಧನೆ ಮಾಡಲೇಬೇಕೆಂದು 1920ರಲ್ಲಿ ಹೊಕ್ಕೈಡೊ ಇಂಪೀರಿಯಲ್ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು. ಅಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿಗಳಾಗಿ ಪ್ರವೇಶವಿರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ಸೇರಿಕೊಂಡು ರೇಷ್ಮೆಹುಳುವಿನ ಪೋಷಣೆಯ ಮೇಲೆ ಕೆಲಸ ಮಾಡಿದರು. ಎರಡು ವರ್ಷದ ಬಳಿಕ ಟೋಕಿಯೊಗೆ ಬಂದರು. 1923ರ ದೊಡ್ಡ ಭೂಕಂಪದಲ್ಲಿ ಅಲ್ಲಿನ ಪ್ರಯೋಗಾಲಯವೇ ನಾಶವಾಯಿತು. ಕೊನೆಗೆ ಜಾಗ ಸಿಕ್ಕಿದ್ದು ರಿಕೆನ್ ಸಂಸ್ಥೆಯಲ್ಲಿ, ಸುಜುಕಿ ಉಮೆತಾರೊ ಅವರ ಕೈಕೆಳಗೆ. ಇಂದು ನಾವು ಬಿ1 ಎಂದು ಕರೆಯುವ ವಿಟಮಿನ್ನನ್ನು 1910ರಲ್ಲೇ ಅಕ್ಕಿಯ ತೌಡಿನಿಂದ ಬೇರ್ಪಡಿಸಿದ್ದ ವಿಜ್ಞಾನಿ ಅವರು.

ಅಲ್ಲಿ ಮಿಚಿಯೊ ಚಹಾ ಎಲೆಯನ್ನು ಕೈಗೆತ್ತಿಕೊಂಡರು. 1924ರಲ್ಲಿ ಸಹೋದ್ಯೋಗಿ ಮಿಯುರಾ ಸೈತಾರೊ ಅವರೊಂದಿಗೆ ಸೇರಿ ಗ್ರೀನ್ ಟೀಯಲ್ಲಿ ವಿಟಮಿನ್ ಸಿ ಇದೆಯೆಂದು ತೋರಿಸಿದರು. ಉತ್ತರ ಅಮೆರಿಕಕ್ಕೆ ಜಪಾನಿನ ಚಹಾ ರಫ್ತು ಏರುವುದಕ್ಕೆ ಈ ಸುದ್ದಿಯೂ ಕಾರಣವಾಯಿತು. 1929ರಲ್ಲಿ ಚಹಾದ ಒಗರಿನ ಹಿಂದಿರುವ ಕ್ಯಾಟೆಚಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮರುವರ್ಷ ಟ್ಯಾನಿನ್ನನ್ನು ಹರಳಿನ ರೂಪದಲ್ಲಿ ಪಡೆದರು. ಗ್ರೀನ್ ಟೀಯ ರಾಸಾಯನಿಕ ಘಟಕಗಳ ಕುರಿತ ಪ್ರಬಂಧಕ್ಕೆ 1932ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು. ಕೃಷಿವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಜಪಾನೀ ಮಹಿಳೆ ಅವರು.

ನಾನು ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಕ್ಯಾಟೆಚಿನ್ ಸೇರಿರುವ ಪಾಲಿಫೀನಾಲ್‌ಗಳೆಂಬ ಸಸ್ಯವಸ್ತುಗಳ ಪಾಠ ಬಂದಾಗಲೆಲ್ಲ ಈ ಹೆಸರನ್ನು ಬೋರ್ಡಿನ ಮೇಲೆ ಬರೆದೇ ಮುಂದಕ್ಕೆ ಹೋಗುತ್ತೇನೆ. ಅವರ ಮೇಲಿನ ಗೌರವಕ್ಕೆ ಅವರು ಪಟ್ಟ ಪಾಡು ಒಂದು ಕಾರಣವಾದರೆ, ಅವರ ಶಿಸ್ತು ಇನ್ನೊಂದು ಕಾರಣ. ಈ ಎಲೆಯೊಳಗೆ ಏನಿದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರು ವರ್ಷಗಟ್ಟಲೆ ಕೂತರು. ಅದರಾಚೆಗೆ ಇನ್ನೂ ಮೂರು ಪ್ರಶ್ನೆಗಳಿವೆ. ಎಲೆಯಲ್ಲಿದ್ದದ್ದು ಲೋಟಕ್ಕೆ ಎಷ್ಟು ಇಳಿಯುತ್ತದೆ? ಲೋಟದಲ್ಲಿದ್ದದ್ದು ರಕ್ತಕ್ಕೆ ಎಷ್ಟು ಸೇರುತ್ತದೆ? ರಕ್ತಕ್ಕೆ ಸೇರಿದ್ದರಿಂದ ಮನುಷ್ಯನ ಆರೋಗ್ಯದಲ್ಲಿ ಏನು ಬದಲಾಗುತ್ತದೆ? ಜಾಹೀರಾತುಗಳೂ ವಾಟ್ಸ್‌ಆಪ್ ಸಂದೇಶಗಳೂ ಮೊದಲನೆಯ ಪ್ರಶ್ನೆಯ ಉತ್ತರವನ್ನೇ ಕೊನೆಯದಕ್ಕೂ ಕೊಟ್ಟುಬಿಡುತ್ತವೆ. ನಡುವಿನ ದಾರಿಯನ್ನು ಹೀಗೆ ಹಾರಿಸಿಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ, ಏಕೆಂದರೆ ಗ್ರೀನ್ ಟೀಯ ಸತ್ಯವೆಲ್ಲ ಆ ದಾರಿಯಲ್ಲೇ ಇದೆ.

ಮೊದಲು ಎಲೆ. ಗ್ರೀನ್ ಟೀಗೆಂದು ಬೇರೆ ಗಿಡವಿಲ್ಲ. ನಾವು ಹಾಲು ಹಾಕಿ ಕುದಿಸುವ ಚಹಾಪುಡಿಯೂ ಅದೇ ಕ್ಯಾಮೆಲಿಯಾ ಸೈನೆನ್ಸಿಸ್ ಗಿಡದ್ದು. ಕೊಯ್ದ ಚಿಗುರನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಎಲೆಯೊಳಗಿನ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇಂಥ ಕಿಣ್ವದಿಂದಲೇ. ಕ್ಯಾಟೆಚಿನ್‌ಗಳು ಒಂದಕ್ಕೊಂದು ಬೆಸೆದುಕೊಂಡು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಕೆಂಪು–ಕಂದು ವಸ್ತುಗಳಾಗುತ್ತವೆ. ಡಿಕಾಕ್ಷನ್ನಿಗೆ ಆ ಬಣ್ಣ ಬರುವುದು ಹೀಗೆ. ಗ್ರೀನ್ ಟೀಯಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಚಿಗುರು ಕೊಯ್ದ ಕೂಡಲೇ ಜಪಾನಿನಲ್ಲಿ ಹಬೆಗೆ ಹಿಡಿಯುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಬಿಸಿಗೆ ಕಿಣ್ವ ಸಾಯುತ್ತದೆ, ಕ್ಯಾಟೆಚಿನ್ ಬಹುಪಾಲು ಹಾಗೆಯೇ ಉಳಿಯುತ್ತದೆ. ಎಳೆಯ ಚಿಗುರಿನ ಒಣತೂಕದಲ್ಲಿ ಶೇ. 20ರಿಂದ 30ರಷ್ಟು ಪಾಲಿಫೀನಾಲ್‌ಗಳೇ ಇರುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್‌ನದು. ಇಷ್ಟುದ್ದದ ಹೆಸರನ್ನು ವಿಜ್ಞಾನಿಗಳೂ ಪೂರ್ತಿ ಹೇಳುವುದಿಲ್ಲ, ಇಜಿಸಿಜಿ ಎನ್ನುತ್ತಾರೆ.

ಎಲೆಯಲ್ಲಿರುವ ಇನ್ನೊಂದು ವಸ್ತು ಥಿಯಾನಿನ್. ನನಗೆ ಇದರ ಕಥೆಯೇ ಹೆಚ್ಚು ಇಷ್ಟ. ಇದೊಂದು ಅಮೈನೊ ಆಮ್ಲ. 1949ರಲ್ಲಿ ಸಕಾತೊ ಯಾಜಿರೊ ಇದನ್ನು ಗ್ಯೊಕುರೊ ಎಂಬ ಉತ್ತಮ ದರ್ಜೆಯ ಚಹಾದಿಂದ ಬೇರ್ಪಡಿಸಿದರು. ಚಹಾ ಗಿಡ ಇದನ್ನು ಬೇರಿನಲ್ಲಿ ತಯಾರಿಸಿ ಚಿಗುರಿಗೆ ಕಳಿಸುತ್ತದೆ. ಅಲ್ಲಿ ಬಿಸಿಲು ತಾಗಿದರೆ ಥಿಯಾನಿನ್ ಒಡೆಯುತ್ತದೆ, ಅದರ ಅಂಶ ಕ್ಯಾಟೆಚಿನ್ ತಯಾರಿಕೆಗೆ ಹೋಗುತ್ತದೆ. ಅಂದರೆ ಬಿಸಿಲುಂಡ ಎಲೆಯಲ್ಲಿ ಒಗರು ಹೆಚ್ಚು. ನೆರಳಲ್ಲಿದ್ದ ಎಲೆಯಲ್ಲಿ ಬೇಳೆಕಟ್ಟಿನಲ್ಲಿ ಸಿಗುವಂಥ ಒಂದು ಹಿತವಾದ ರುಚಿ ಹೆಚ್ಚು. ಕ್ಯೋಟೊ ಸಮೀಪದ ಉಜಿಯ ಬೆಳೆಗಾರರು ರಸಾಯನಶಾಸ್ತ್ರ ಇದನ್ನು ವಿವರಿಸುವ ಎಷ್ಟೋ ಮೊದಲೇ, ಕೊಯ್ಲಿಗೆ ಸುಮಾರು ಮೂರು ವಾರ ಇರುವಾಗ ತೋಟದ ಮೇಲೆ ಚಪ್ಪರ ಹಾಕಿ ಹುಲ್ಲು ಹೊದಿಸುತ್ತಿದ್ದರು. ಗ್ಯೊಕುರೊ, ಮಾಚಾ ಎರಡೂ ಹೀಗೆ ನೆರಳಲ್ಲಿ ಬೆಳೆದ ಎಲೆಗಳೇ. ಮಾಚಾದಲ್ಲಿ ಎಲೆಯನ್ನೇ ಪುಡಿಮಾಡಿ ನೀರಿಗೆ ಕಲಸಿ ಕುಡಿಯುವುದರಿಂದ ಎಲೆಯಲ್ಲಿದ್ದದ್ದೆಲ್ಲ ಹೊಟ್ಟೆಗೆ ಹೋಗುತ್ತದೆ, ಕೆಫೀನ್ ಕೂಡ.

ಥಿಯಾನಿನ್ ಮನಸ್ಸನ್ನು ಶಾಂತಗೊಳಿಸುತ್ತದೆ ಎಂಬ ಮಾತಿಗೆ ಆಧಾರವಿದೆ. ಅದು ಮಿದುಳಿನ ಆಲ್ಫಾ ಅಲೆಗಳನ್ನು ಹೆಚ್ಚಿಸುವುದನ್ನೂ, ಕೆಫೀನ್ ಜೊತೆ ಸೇರಿದಾಗ ಗಮನ ಸ್ವಲ್ಪ ಸುಧಾರಿಸುವುದನ್ನೂ ಪ್ರಯೋಗಗಳು ತೋರಿಸಿವೆ. ಆದರೆ ಅಂಥ ಪ್ರಯೋಗಗಳಲ್ಲಿ ಕೊಡುವುದು ಸಾಮಾನ್ಯವಾಗಿ 100ರಿಂದ 200 ಮಿಲಿಗ್ರಾಂ. ದಿನಬಳಕೆಯ ಚಹಾದ ಒಂದು ಲೋಟದಲ್ಲಿ 25 ಮಿಲಿಗ್ರಾಂ ಇದ್ದರೆ ಅದೇ ಹೆಚ್ಚು. ನಡುವಿನ ದಾರಿ ಎಂದೆನಲ್ಲ, ಅದು ಇಂಥದ್ದು.

ಇಜಿಸಿಜಿಯ ದಾರಿ ಇನ್ನೂ ಕಠಿಣ. ಬಾಯಿಂದ ಹೋದದ್ದರಲ್ಲಿ ತೀರಾ ಸಣ್ಣ ಅಂಶ ಮಾತ್ರ ಮೂಲರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ಕುಡಿದ ಒಂದೆರಡು ಗಂಟೆಯಲ್ಲಿ ಅದರ ಮಟ್ಟ ಗರಿಷ್ಠಕ್ಕೇರಿ ಆಮೇಲೆ ಇಳಿಯುತ್ತದೆ. ಉಳಿದದ್ದು ಕೆಳಗಿಳಿದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಅವು ಅದನ್ನು ಒಡೆದು ಬೇರೆಯೇ ಸಣ್ಣ ಅಣುಗಳನ್ನಾಗಿ ಮಾಡುತ್ತವೆ, ಅವು ರಕ್ತಕ್ಕೆ ಸೇರುತ್ತವೆ. ಒಬ್ಬರ ಕರುಳಿನ ಬ್ಯಾಕ್ಟೀರಿಯಾ ಇನ್ನೊಬ್ಬರದ್ದರಂತೆ ಇರದ ಕಾರಣ ಒಂದೇ ಚಹಾ ಇಬ್ಬರ ದೇಹದಲ್ಲಿ ಒಂದೇ ಫಲ ಕೊಡಬೇಕೆಂದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಸುರಿಯುವ ಇಜಿಸಿಜಿಯ ಸಾಂದ್ರತೆ, ಚಹಾ ಕುಡಿದವರ ರಕ್ತದಲ್ಲಿ ಕಾಣುವುದಕ್ಕಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಹೆಚ್ಚಿರುತ್ತದೆ. ಸಾಲದ್ದಕ್ಕೆ, ಕೋಶಗಳನ್ನು ಬೆಳೆಸುವ ದ್ರಾವಣದಲ್ಲಿ ಇಜಿಸಿಜಿ ತಾನೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಕೋಶಗಳನ್ನು ಕೊಂದದ್ದು ಚಹಾದ ಗುಣವೋ ಆ ಪೆರಾಕ್ಸೈಡೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ‘ಗ್ರೀನ್ ಟೀ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಎಂಬ ತಲೆಬರಹ ಕಂಡಾಗ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಎಲ್ಲಿ, ಎಷ್ಟು ಎಂಬುದನ್ನು ಮೊದಲು ಹುಡುಕಿ.

ಹಾಗಾದರೆ ಮನುಷ್ಯರಲ್ಲಿ ಕಂಡದ್ದೇನು? ಇಲ್ಲಿ ಒಸಾಕಿ ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಜಪಾನಿನ ಮಿಯಾಗಿ ಪ್ರಾಂತ್ಯದಲ್ಲಿ ತೊಹೊಕು ವಿಶ್ವವಿದ್ಯಾಲಯದವರು 1994ರಲ್ಲಿ 40ರಿಂದ 79 ವರ್ಷದೊಳಗಿನ 40,530 ಜನರನ್ನು ಗುರುತಿಸಿ, 11 ವರ್ಷಗಳವರೆಗೆ ಅವರ ಆಯುಷ್ಯವನ್ನು ಗಮನಿಸಿದರು. ಅಧ್ಯಯನ ಶುರುವಾದಾಗ ಅವರಲ್ಲಿ ಯಾರಿಗೂ ಪಾರ್ಶ್ವವಾಯು, ಹೃದಯದ ಕಾಯಿಲೆ, ಕ್ಯಾನ್ಸರ್ ಆಗಿರಲಿಲ್ಲ. ಫಲಿತಾಂಶ 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ದಿನಕ್ಕೆ ಒಂದು ಕಪ್ಪಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ಐದು ಅಥವಾ ಹೆಚ್ಚು ಕಪ್ ಕುಡಿಯುವ ಗಂಡಸರಲ್ಲಿ ಸಾವಿನ ಅಪಾಯ ಶೇ. 12ರಷ್ಟು, ಹೆಂಗಸರಲ್ಲಿ ಶೇ. 23ರಷ್ಟು ಕಡಿಮೆ ಇತ್ತು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾಗುವ ಸಾವಿನಲ್ಲಿ, ಅದರಲ್ಲೂ ಹೆಂಗಸರಲ್ಲಿ, ವ್ಯತ್ಯಾಸ ಎದ್ದು ಕಂಡಿತು. ಕ್ಯಾನ್ಸರ್ ಸಾವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈ ಅಧ್ಯಯನದ ಒಂದು ಸಣ್ಣ ವಿವರ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಆ ಸೀಮೆಯ ಒಂದು ಕಪ್ಪಿನಲ್ಲಿ ಹಿಡಿಯುವುದು ಸುಮಾರು 100 ಮಿಲಿಲೀಟರ್. ಐದು ಕಪ್ ಎಂದರೆ ಅರ್ಧ ಲೀಟರ್, ನಮ್ಮ ಕಚೇರಿಗಳಲ್ಲಿ ಬಳಸುವ ದೊಡ್ಡ ಮಗ್ಗಿನಲ್ಲಿ ಎರಡು. ಐದು ಮಗ್ ಕುಡಿಯಬೇಕೆಂದು ಯಾರೂ ಹೇಳಿಲ್ಲ. ಇನ್ನೊಂದು ಮಾತು: ಇದು ವೀಕ್ಷಣೆಯ ಅಧ್ಯಯನ. ಹೆಚ್ಚು ಚಹಾ ಕುಡಿಯುವವರ ಊಟ, ನಡಿಗೆ, ನೆಂಟರಿಷ್ಟರ ಒಡನಾಟ ಇವೆಲ್ಲ ಬೇರೆ ಇರಬಹುದು. ಲೆಕ್ಕದಲ್ಲಿ ಇಂಥವನ್ನು ಸರಿದೂಗಿಸಲು ಯತ್ನಿಸುತ್ತಾರೆ, ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಆದರೂ 40 ಸಾವಿರ ಜನರ ಬದುಕನ್ನು ಇಷ್ಟು ವರ್ಷ ಹಿಂಬಾಲಿಸಿದ ಕೆಲಸವನ್ನು ಹಗುರವಾಗಿ ತಳ್ಳಿಹಾಕುವುದು ತಪ್ಪು. ಹೃದಯಕ್ಕೆ ಒಳ್ಳೆಯದಿರಬಹುದು ಎಂಬ ಮಾತನ್ನು ನಾನು ನಂಬುತ್ತೇನೆ.

ಜನರನ್ನು ಗುಂಪು ಮಾಡಿ, ಕೆಲವರಿಗೆ ಗ್ರೀನ್ ಟೀ ಕೊಟ್ಟು ಕೆಲವರಿಗೆ ಕೊಡದೆ ನಡೆಸಿದ ಪ್ರಯೋಗಗಳೂ ಇವೆ. 2011ರಲ್ಲಿ ಅಂಥ 14 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಡೆಸಿಲೀಟರ್ ರಕ್ತಕ್ಕೆ ಸರಾಸರಿ 2 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಇಳಿದದ್ದು ಕಂಡಿತು. 150 ಇದ್ದವರಿಗೆ 148 ಆಯಿತು ಎಂದಿಟ್ಟುಕೊಳ್ಳಿ. ಇಳಿದದ್ದು ನಿಜ, ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಅಪಾಯ. ತೂಕದ ವಿಷಯದಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಇಳಿಕೆ ಇದ್ದರೂ ವೈದ್ಯರು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಎಂದಿತು. ಕ್ಯಾನ್ಸರ್ ತಡೆಯ ಕುರಿತು 2020ರ ಕಾಕ್ರೇನ್ ವಿಮರ್ಶೆ 11 ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ 142 ಅಧ್ಯಯನಗಳನ್ನು ಜಾಲಾಡಿ, ಪುರಾವೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಚಹಾದ ಕ್ಯಾಟೆಚಿನ್‌ಗಳಿಗೆ ಅಮೆರಿಕದ ಔಷಧ ಇಲಾಖೆ 2006ರಲ್ಲಿ ಔಷಧವಾಗಿ ಒಪ್ಪಿಗೆ ಕೊಟ್ಟದ್ದುಂಟು. ಅದು ಒಂದು ಬಗೆಯ ನರೂಲಿಗೆ ಹಚ್ಚುವ ಮುಲಾಮು. ಚರ್ಮದ ಮೇಲೆ ಹಚ್ಚಿದಾಗ ಕರುಳಿನ ದಾರಿಯೇ ಇಲ್ಲ, ಬೇಕಾದ ಜಾಗಕ್ಕೆ ಬೇಕಾದಷ್ಟು ಸಿಗುತ್ತದೆ. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನಮ್ಮ ಹಾಲಿನ ಚಹಾದ ಪರವಾಗಿಯೂ ಎರಡು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಸುಮಾರು ಐದು ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಚಹಾ ಕುಡಿಯುವವರ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಇತ್ತು. ಅಲ್ಲಿನವರು ಕುಡಿಯುವುದು ಬಹುತೇಕ ಕಪ್ಪು ಚಹಾ. ಹಾಲು ಹಾಕಿದರೂ ಹಾಕದಿದ್ದರೂ ಈ ಸಂಬಂಧ ಬದಲಾಗಲಿಲ್ಲ. ಆದ್ದರಿಂದ ಹಾಲಿನ ಚಹಾ ಕುಡಿಯುವವರು ತಾವೇನೋ ಪಾಪ ಮಾಡುತ್ತಿದ್ದೇವೆಂದು ಅಂದುಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಕೇಳಬೇಕಾದದ್ದು ಸಕ್ಕರೆಯನ್ನು. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟವಾದರೆ 25 ಗ್ರಾಂ ಆಸುಪಾಸು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಇಷ್ಟರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವ ಮಿತಿ ಚಹಾದಲ್ಲೇ ಮುಗಿದುಹೋಯಿತು. ಗ್ರೀನ್ ಟೀಗೆ ಬದಲಾದ ಮೇಲೆ ಹಗುರವೆನಿಸಿತು ಎಂದು ಹೇಳುವವರ ಅನುಭವ ಸುಳ್ಳಲ್ಲ. ಆ ಹಗುರದಲ್ಲಿ ಬಿಟ್ಟ ಸಕ್ಕರೆಯ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಈಗ ನನಗೆ ನಿಜವಾಗಿ ಆತಂಕ ತರುವ ಎರಡು ಸಂಗತಿಗಳು. ಮೊದಲನೆಯದು ಕ್ಯಾಪ್ಸೂಲ್. ದಿನವಿಡೀ ಚಹಾ ಕುಡಿಯುವವರಿಗೆ ಸಿಗುವ ಇಜಿಸಿಜಿ ಸಾಮಾನ್ಯವಾಗಿ 90ರಿಂದ 300 ಮಿಲಿಗ್ರಾಂ ಎಂದು ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರ 2018ರಲ್ಲಿ ಅಂದಾಜು ಮಾಡಿತು. ಪೂರಕ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಲಿವರ್ ಕಿಣ್ವಗಳು ಏರಿದ್ದನ್ನೂ ಅದು ಗುರುತಿಸಿತು; ಲಿವರ್‌ಗೆ ಪೆಟ್ಟು ಬೀಳುತ್ತಿದೆ ಎನ್ನುವುದಕ್ಕೆ ಅದು ಲಕ್ಷಣ. 2022ರಲ್ಲಿ ಐರೋಪ್ಯ ಒಕ್ಕೂಟ ಇದಕ್ಕೆ ಕಾನೂನಿನ ಮಿತಿಯನ್ನೇ ತಂದಿತು. ಎಲೆಯಿಂದ ರಕ್ತದವರೆಗಿನ ದಾರಿ ಕಷ್ಟದ್ದೆಂದು ತಿಳಿದು, ಬಲವಂತವಾಗಿ ಹೆಚ್ಚು ನೂಕಲು ಹೋದರೆ ಹೀಗಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಹೆಚ್ಚುತ್ತದೆ. ತೂಕ ಇಳಿಸುವ ಉಮೇದಿನಲ್ಲಿ ಉಪವಾಸವಿದ್ದು ಈ ಕ್ಯಾಪ್ಸೂಲ್ ನುಂಗುವವರನ್ನು ಕಂಡರೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ.

ಎರಡನೆಯದು ಕಬ್ಬಿಣಾಂಶ. ನಮ್ಮ ಅತ್ತಿಗೆ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಉಂಡು ಕೈ ತೊಳೆದ ಕೂಡಲೇ ಗ್ರೀನ್ ಟೀ ಹಿಡಿದು ಕೂರುತ್ತಿದ್ದರು. “ಊಟ ಆದ ತಕ್ಷಣ ಕುಡಿದರೆ ಕೊಬ್ಬು ಅಂಟುವುದಿಲ್ಲವಂತೆ ಕಣೇ” ಎನ್ನುತ್ತಿದ್ದರು. ಅದೇ ಹೊತ್ತಿಗೆ ಹಿಮೋಗ್ಲೋಬಿನ್ ಕಡಿಮೆಯೆಂದು ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದರು, ಹಲವು ಸಲ ಅದೇ ಚಹಾದ ಜೊತೆಗೆ. “ಅತ್ತಿಗೆ, ಮಾತ್ರೆಯನ್ನೂ ಸೊಪ್ಪನ್ನೂ ಈ ಚಹಾ ಹಿಡಿದು ಹೊರಗೆ ಹಾಕುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ” ಎಂದೆ. ಅವರಿಗೆ ಇದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕ್ಯಾಟೆಚಿನ್‌ಗಳು ಸೊಪ್ಪು, ರಾಗಿ, ಬೇಳೆಗಳಲ್ಲಿರುವ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ರಕ್ತಕ್ಕೆ ಹೋಗಬೇಕಾದದ್ದು ಹೋಗುವುದಿಲ್ಲ. ಮಾಂಸದಲ್ಲಿನ ಕಬ್ಬಿಣ ಬಹುಪಾಲು ಈ ಹಿಡಿತಕ್ಕೆ ಸಿಗದೆ ಪಾರಾಗುತ್ತದೆ, ಸಸ್ಯಾಹಾರದ್ದು ಆಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟದ ನಂತರ ಒಂದು ಗಂಟೆಯವರೆಗೆ ಚಹಾ–ಕಾಫಿ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಗ್ರೀನ್ ಟೀ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಾದ ಮಾತು ಇದ್ದರೆ ಅದು ಇದೇ. ಅತ್ತಿಗೆ ಈಗ ನಾಲ್ಕು ಗಂಟೆಗೆ ಕುಡಿಯುತ್ತಾರೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುತ್ತಾರೆ. ವಿಟಮಿನ್ ಸಿ ಇದ್ದರೆ ಕಬ್ಬಿಣ ಒಳಗೆ ಹೋಗಲು ನೆರವಾಗುತ್ತದೆ.

ಔಷಧಗಳ ವಿಷಯವೂ ಇದಕ್ಕೆ ಹೊಂದಿಕೊಂಡೇ ಇದೆ. ರಕ್ತದೊತ್ತಡಕ್ಕೆ ಕೊಡುವ ನಾಡೊಲಾಲ್ ಎಂಬ ಮಾತ್ರೆ ಗ್ರೀನ್ ಟೀ ಕುಡಿದವರ ರಕ್ತಕ್ಕೆ ಬಹಳ ಕಡಿಮೆ ಸೇರುವುದು ಜಪಾನಿನ ಒಂದು ಪ್ರಯೋಗದಲ್ಲಿ ಕಂಡಿದೆ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಔಷಧಕ್ಕೆ ಇಜಿಸಿಜಿ ಅಂಟಿಕೊಂಡು ಅದರ ಕೆಲಸವನ್ನೇ ತಡೆಯುತ್ತದೆ ಎಂದು 2009ರಲ್ಲಿ ಪ್ರಯೋಗಾಲಯದಲ್ಲೂ ಇಲಿಗಳಲ್ಲೂ ತೋರಿಸಿದ್ದಾರೆ. ಕ್ಯಾನ್ಸರಿಗೆ ಒಳ್ಳೆಯದೆಂದು ಮನೆಯವರು ಪ್ರೀತಿಯಿಂದ ಗ್ರೀನ್ ಟೀ ಸಾರ ತಂದುಕೊಡುವ ಸಂದರ್ಭವನ್ನು ಊಹಿಸಿಕೊಳ್ಳಿ. ನಿತ್ಯ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ತಾವು ಕುಡಿಯುವ ಚಹಾದ ವಿಷಯವನ್ನೂ ಹೇಳಬೇಕು.

ಇಷ್ಟೆಲ್ಲ ಬರೆದದ್ದು ಗ್ರೀನ್ ಟೀ ಬೇಡವೆಂದು ಅಲ್ಲ. ನಮ್ಮ ಮನೆಯಲ್ಲಿ ಹಿಮಾಚಲದ ಕಾಂಗ್ರಾದ ಎಲೆ ಸದಾ ಇರುತ್ತದೆ. 1905ರ ಭೂಕಂಪದಲ್ಲಿ ಹಾಳಾದ ತೋಟಗಳ ನಾಡು ಅದು. 2005ರಲ್ಲಿ ಕಾಂಗ್ರಾ ಚಹಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬ್ಯಾಗಿನೊಳಗಿನ ಪುಡಿಗಿಂತ ಇಡೀ ಎಲೆಯನ್ನು ನಾನು ಇಷ್ಟಪಡುತ್ತೇನೆ. ನೀರು ಕುದಿ ಬಂದ ಮೇಲೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಬಗ್ಗಿಸಿದರೆ 70 ಡಿಗ್ರಿಯ ಹತ್ತಿರ ಬರುತ್ತದೆ. ಆಗ ಎಲೆಯ ಮೇಲೆ ಸುರಿದು ಎರಡು ನಿಮಿಷ ಬಿಡುತ್ತೇನೆ. ಸುರುಟಿಕೊಂಡಿದ್ದ ಎಲೆ ಬಿಚ್ಚಿಕೊಂಡು, ಅಂಚಿನ ಸಣ್ಣ ಹಲ್ಲುಗಳೂ ತುದಿಯ ಮೊಗ್ಗೂ ಕಾಣುವಷ್ಟು ಹರಡುತ್ತದೆ. ನೀರಿಗೆ ಎಳೆಯ ಹೆಸರುಬೇಳೆಯ ಬಣ್ಣ ಬರುತ್ತದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಗೆ ಸೇರಿಸಿರುವುದರಿಂದ ಸೋಸಿದ ಮೇಲೂ ಸ್ವಲ್ಪ ಆರಲು ಬಿಡುತ್ತೇನೆ.

ಕುದಿಯುವ ನೀರನ್ನೇ ಸುರಿದರೆ ಕ್ಯಾಟೆಚಿನ್ನೂ ಕೆಫೀನೂ ಹೆಚ್ಚು ಇಳಿಯುತ್ತವೆ, ಬಾಯಿಗೆ ಕಹಿ ಬಡಿಯುತ್ತದೆ. ಹದವಾದ ಬಿಸಿಯಲ್ಲಿ ಥಿಯಾನಿನ್ ಚೆನ್ನಾಗಿ ಇಳಿಯುತ್ತದೆ, ಒಗರು ಹಿಂದೆ ಉಳಿಯುತ್ತದೆ. ಆರೋಗ್ಯಕ್ಕೆಂದು ಕುಡಿಯುವವರು ಮುಖ ಕಿವುಚಿಕೊಂಡು ಮೊದಲನೆಯದನ್ನು ಕುಡಿಯುವುದನ್ನು ನೋಡಿದ್ದೇನೆ. ಅಷ್ಟು ಇಜಿಸಿಜಿ ಹೆಚ್ಚು ಸಿಕ್ಕರೂ ರಕ್ತಕ್ಕೆ ಸೇರುವುದು ಎಷ್ಟೆಂದು ಮೇಲೆ ಹೇಳಿದೆನಲ್ಲ. ನಾನು 70 ಡಿಗ್ರಿಯಲ್ಲೇ ಮಾಡುತ್ತೇನೆ, ಅದೇ ಎಲೆಗೆ ಎರಡನೆಯ ಸಲವೂ ನೀರು ಹಾಕುತ್ತೇನೆ, ಸಂಜೆ ಐದರ ಮೇಲೆ ಮಾಡುವುದಿಲ್ಲ.